ಕೆಂಪು ದೀಪ ಆರದಂತೆ ಹದಿನಾರು ನಿಮಿಷ

ಮೂಡಲಪಾಳ್ಯದ ಅಂಜಿನಯ್ಯನಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಅಂಕಿಗಳು ಹೊರಬರುತ್ತಿದ್ದವು. ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಬೇರೆಯವರು ಮೇಜು ಗುದ್ದುವಾಗ ಅವನು ಜೇಬಿನಿಂದ ಚೀಟಿ ತೆಗೆದು, "ಹೋದ ತಿಂಗಳು ಹದಿನೇಳು ಸಲ ಕರೆಂಟ್ ಹೋಗಿದೆ ಸಾರ್, ಒಟ್ಟು ನಲವತ್ತೊಂದು ಗಂಟೆ" ಎಂದು ಓದುತ್ತಿದ್ದ. ಗುಮಾಸ್ತರಿಗೆ ಮೇಜು ಗುದ್ದುವವರೇ ವಾಸಿ ಅನ್ನಿಸುತ್ತಿತ್ತು. ಗುದ್ದಿದವರು ಸ್ವಲ್ಪ ಹೊತ್ತಿಗೆ ಸುಸ್ತಾಗಿ ಹೋಗುತ್ತಾರೆ. ಇವನು ಹೋಗುತ್ತಿರಲಿಲ್ಲ.

ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಅವನದೊಂದು ರಿಪೇರಿ ಅಂಗಡಿ. ಟೀವಿ, ಯುಪಿಎಸ್, ಕಾಲಿಂಗ್ ಬೆಲ್, ಯಾರದೋ ಮಿಕ್ಸಿ. ಓದಿದ್ದು ವಿಜ್ಞಾನದಲ್ಲಿ ಪಿಯುಸಿ, ಆಮೇಲೆ ಐಟಿಐ. ಅಷ್ಟು ಓದಿಸಿದವಳು ಅಕ್ಕ ಹನುಮಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ, ಅವಳಿಗೆ ಇಪ್ಪತ್ತು. ಮೂಡಲಪಾಳ್ಯ ಇನ್ನೂ ಹೊಲಗದ್ದೆಗಳ ಊರಾಗಿದ್ದ ಕಾಲ ಅದು. ಹನುಮಕ್ಕ ಬೆಳಗಿನ ಜಾವ ಸೊಪ್ಪು ಕಿತ್ತು, ಕಟ್ಟು ಕಟ್ಟಿ, ತಲೆಯ ಮೇಲೆ ಹೊತ್ತು ರಾಜಾಜಿನಗರದ ಮನೆ ಮನೆಗೆ ನಡೆದು ಮಾರುತ್ತಿದ್ದಳು. ಅವಳ ಆ ನಡಿಗೆಯ ಮೇಲೆ ತನ್ನ ಓದು ನಿಂತಿದೆ ಎಂಬುದು ಅಂಜಿನಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಅವಳ ನಡಿಗೆಯೇ ಹೋದಾಗ ಅವನಿಗೆ ಬಂದ ಕೋಪ ಹೋಗಲೇ ಇಲ್ಲ.

ಅದು ವೈಕುಂಠ ಏಕಾದಶಿಯ ದಿನ. ಬಡಾವಣೆಯ ವೆಂಕಟರಮಣಸ್ವಾಮಿ ಗುಡಿ ಚಿಕ್ಕದು. ಆದರೆ ಆ ಒಂದು ದಿನ ಚಂದ್ರಾ ಲೇಔಟಿನಿಂದ, ನಾಗರಭಾವಿಯಿಂದ, ಜ್ಞಾನಭಾರತಿಯಿಂದ ಜನ ಬಂದು ಸೇರುತ್ತಾರೆ. ಮುಂದಿನ ಗೇಟಿನಿಂದ ಒಳಗೆ ಹೋಗಿ, ಗರ್ಭಗುಡಿಯನ್ನು ಸುತ್ತುವ ಇಕ್ಕಟ್ಟಾದ ಪ್ರಾಕಾರದಲ್ಲಿ ನಿಂತು ಸರಿದು, ಉತ್ತರದ ವೈಕುಂಠ ದ್ವಾರದಿಂದ ಹೊರಗೆ ಬರಬೇಕು. ಪ್ರಾಕಾರದ ಎರಡನೆಯ ತಿರುವಿನಲ್ಲಿ ಜನ ಒತ್ತಿಕೊಂಡು ಹನುಮಕ್ಕ ಬಿದ್ದಳು. ಮೇಲೆ ಇನ್ನೂ ಮೂವರು ಬಿದ್ದರು. ಅವಳ ಸೊಂಟದ ಕೀಲು ಮುರಿಯಿತು. ಒಳಗೆ ಕಬ್ಬಿಣದ ಸರಳು ಹಾಕಿದರು. ಮೂರು ತಿಂಗಳು ಮಲಗಿದ್ದು, ಆಮೇಲೆ ಕೋಲು ಹಿಡಿದಳು.

ಗುಡಿ ಸಮಿತಿಯ ಅಧ್ಯಕ್ಷ ದೊಡ್ಡಣ್ಣ, ಹಳೇ ಊರಿನ ಜಮೀನ್ದಾರ ಮನೆತನದವರು, ಆಸ್ಪತ್ರೆಗೆ ಒಂದು ಡಜನ್ ಕಿತ್ತಳೆ ತಂದರು.

"ವಯಸ್ಸಾದೋರು ಅಷ್ಟು ಅವಸರ ಮಾಡಬಾರದು ಹನುಮಕ್ಕ" ಎಂದರು.

ಅಂಜಿನಯ್ಯ ಕೇಳಿದ: "ಆವಾಗ ಒಳಗೆ ಎಷ್ಟು ಜನ ಇದ್ರು, ದೊಡ್ಡಣ್ಣನೋರೆ?"

"ದೇವರ ಹತ್ರ ಬರೋರನ್ನ ಎಣಿಸೋಕಾಯ್ತದೇನಯ್ಯ?"

"ಲಾಡು ಎಣಿಸಿ ಕೊಡ್ತೀರಲ್ಲ. ಒಬ್ಬರಿಗೆ ಒಂದೇ ಅಂತ."

ದೊಡ್ಡಣ್ಣ ನಕ್ಕು ಅವನ ಬೆನ್ನು ತಟ್ಟಿ ಹೋದರು. ಆ ತಟ್ಟಿದ ಜಾಗ ಅಂಜಿನಯ್ಯನಿಗೆ ಹನ್ನೊಂದು ತಿಂಗಳು ಉರಿಯಿತು.

ಮೊದಲು ಅವನು ಒಂದು ಟೇಪು ತೆಗೆದುಕೊಂಡು ಹೋಗಿ ಪ್ರಾಕಾರವನ್ನು ಅಳೆದ. ನಿಲ್ಲಲು ಇರುವ ಜಾಗ ಎರಡು ಸಾವಿರ ಚದರಡಿ. ಒಬ್ಬ ಮನುಷ್ಯ ಉಸಿರಾಡಿಕೊಂಡು ನಿಲ್ಲಲು ಕಡಿಮೆಯೆಂದರೂ ಮೂರು ಚದರಡಿ ಬೇಕು. ಆರುನೂರ ಅರವತ್ತಾರು ಜನ. ಚಿಕ್ಕ ಮಕ್ಕಳು ಎಣಿಕೆಗೆ ಸಿಗದೆ ನುಸುಳುತ್ತಾರೆ, ಅವರಿಗಾಗಿ ಒಂದಷ್ಟು ಬಿಟ್ಟ. ಆರುನೂರು ಎಂದು ಗೆರೆ ಎಳೆದ. ಆಮೇಲೆ ಯಂತ್ರ ಮಾಡಿದ. ಬಾಗಿಲ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಕಣ್ಣಿಗೆ ಕಾಣದ ಬೆಳಕಿನ ಎಳೆ, ನೆಲದಿಂದ ಮೂರೂಕಾಲು ಅಡಿ ಎತ್ತರದಲ್ಲಿ. ಯಾರಾದರೂ ದಾಟಿದರೆ ಎಳೆ ತುಂಡಾಗುತ್ತದೆ, ಪೆಟ್ಟಿಗೆಯ ಮೇಲಿನ ಪುಟ್ಟ ದೀಪ ಮಿಣುಕುತ್ತದೆ, ಲೆಕ್ಕ ಒಂದು ಏರುತ್ತದೆ. ಇಂಥದೊಂದು ಮುಂದಿನ ಗೇಟಿನಲ್ಲಿ, ಇನ್ನೊಂದು ಉತ್ತರದ ಬಾಗಿಲಿನಲ್ಲಿ. ಒಳಗೆ ಹೋದವರಲ್ಲಿ ಹೊರಗೆ ಬಂದವರನ್ನು ಕಳೆದರೆ ಉಳಿದ ಅಂಕಿ ಗೇಟಿನ ಮೇಲಿನ ದೊಡ್ಡ ಬೋರ್ಡಿನಲ್ಲಿ ಕಾಣಬೇಕು. ಆರುನೂರು ಮುಟ್ಟಿದರೆ ಕೆಂಪು ದೀಪ, ಗೇಟು ಬಂದ್. ಇಳಿದರೆ ಹಸಿರು.

ಸಮಿತಿಯನ್ನು ಒಪ್ಪಿಸಲು ನಾಲ್ಕು ಸಭೆ ಬೇಕಾದವು. ನಾಲ್ಕನೆಯದರಲ್ಲಿ ಒಪ್ಪಿದಾಗ ಅವನು ಇನ್ನೊಂದು ಷರತ್ತು ಹಾಕಿದ. ಪ್ರತಿವರ್ಷ ಸ್ವಯಂಸೇವಕರು ತಮ್ಮವರು ಬಂದರೆ ಗೇಟು ತೆರೆಯುತ್ತಿದ್ದರು, ಬೇಡದವರು ಬಂದರೆ ಮುಚ್ಚುತ್ತಿದ್ದರು. ಅದಕ್ಕೆ ಅವನು ಸಮಿತಿಯ ಪುಸ್ತಕದಲ್ಲಿ ಹೀಗೆ ಬರೆಸಿದ: ಗೇಟು ಬೋರ್ಡಿನ ಅಂಕಿಯ ಪ್ರಕಾರವೇ ನಡೆಯಬೇಕು, ಅಧ್ಯಕ್ಷರೂ ಸೇರಿದಂತೆ ಯಾರ ಬಾಯಿಮಾತಿಗೂ ತೆರೆಯಬಾರದು, ಮುಚ್ಚಲೂ ಬಾರದು. ದೊಡ್ಡಣ್ಣ ಸಹಿ ಹಾಕಿದರು.

ಏಕಾದಶಿಗೆ ಮುಂಚೆ ಮೂರು ಸಂಜೆ ಪರೀಕ್ಷೆ ಆಯಿತು. ಬೀದಿಯವರನ್ನೆಲ್ಲ ಕರೆದು, ಇನ್ನೂರು ಜನರನ್ನು ಗೇಟಿನಿಂದ ಬಿಟ್ಟು ಉತ್ತರದ ಬಾಗಿಲಿನಿಂದ ಹೊರಡಿಸಿದ. ಒಳಗೆ ಇನ್ನೂರು, ಹೊರಗೆ ಇನ್ನೂರು. ಮೂರು ದಿನವೂ ಒಂದು ತಲೆಯ ವ್ಯತ್ಯಾಸ ಬರಲಿಲ್ಲ.

ಎರಡು ಸಾವಿರದ ಏಳರ ಏಕಾದಶಿ. ಮುಂಜಾನೆಯ ಪೂಜೆ ಮುಗಿದು ಏಳು ಗಂಟೆಗೆ ಗೇಟು ತೆರೆಯಿತು. ಗೇಟಿನಲ್ಲಿದ್ದ ಹೋಮ್‌ಗಾರ್ಡ್ ವೀರೇಶ, ಬಾಗಲಕೋಟೆ ಕಡೆಯವನು, ಮೀಸೆಯ ಮೇಲೆ ಬೆರಳಾಡಿಸುತ್ತ ಬೋರ್ಡನ್ನೇ ನೋಡುತ್ತಿದ್ದ. ಹದಿನೈದು ನಿಮಿಷದಲ್ಲಿ ಅಂಕಿ ಐನೂರರ ಮೇಲೆ ಹೋಯಿತು, ಆಮೇಲೆ ಇಳಿಯತೊಡಗಿತು. "ಗೋವಿಂದಾ ಗೋವಿಂದ" ಎಂದು ಸಾಲು ಸರಿಯುತ್ತಿತ್ತು.

ಏಳೂವರೆಗೆ ಹನುಮಕ್ಕ ಕೋಲೂರಿಕೊಂಡು ಬಂದಳು. ಅಂಜಿನಯ್ಯ ಗಾಬರಿಯಾದ.

"ನೀನ್ಯಾಕಕ್ಕ ಬಂದೆ? ಮಧ್ಯಾಹ್ನ ಬಾ ಅಂದಿರಲಿಲ್ವಾ?"

"ಲೇ, ಹೋದ ವರ್ಷ ಬಾಗಿಲ ತನಕ ಹೋಗಿ ದಾಟದೆ ಬಂದೀನಿ. ಸ್ಟ್ರೆಚರ್‌ನಾಗೆ ಹೊತ್ಕೊಂಡು ಬಂದದ್ದು ಲೆಕ್ಕಕ್ಕಿಲ್ಲ. ನಿನ್ನ ಮಿಷನ್ನು ಐತಲ್ಲ, ಅದೇನು ನೊಣ ಎಣಿಸೋಕಾ?"

ಬೋರ್ಡು ನಾನೂರ ನಲವತ್ತು ತೋರಿಸುತ್ತಿತ್ತು. ಗೆರೆಗಿಂತ ನೂರ ಅರವತ್ತು ಕಡಿಮೆ. ಅವನು ಅಕ್ಕನನ್ನು ಒಳಗೆ ಬಿಟ್ಟ. ತಾನೇ ಕೈ ಹಿಡಿದು ಗೇಟು ದಾಟಿಸಿದ.

ಹತ್ತು ನಿಮಿಷ ಕಳೆದ ಮೇಲೆ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಂಕಿ ಇನ್ನೂ ಇಳಿಯುತ್ತಿತ್ತು, ಆದರೆ ಒಳಗಿನ ಸದ್ದು ಏರುತ್ತಿತ್ತು. ಗೋವಿಂದನಾಮ ನಿಂತು, ಅದರ ಜಾಗದಲ್ಲಿ "ತಳ್ಳಬೇಡ್ರೀ", "ಮಗು ಇದೆ ಸಾರ್", "ಸ್ವಲ್ಪ ಮುಂದೆ ಹೋಗ್ರಪ್ಪಾ" ಕೇಳುತ್ತಿತ್ತು. ಗೇಟು ದಾಟಿದವರು ಮೊದಲಿನಂತೆ ನಡೆದುಹೋಗುತ್ತಿರಲಿಲ್ಲ, ಗೋಡೆಗೆ ತಾಗಿದಂತೆ ನಿಲ್ಲುತ್ತಿದ್ದರು. ಬೋರ್ಡು ಮಾತ್ರ ಮುನ್ನೂರ ಐವತ್ತು ಎನ್ನುತ್ತಿತ್ತು.

ಅಂಜಿನಯ್ಯ ಹೊರಗಿನಿಂದ ಸುತ್ತುಹಾಕಿ ಉತ್ತರದ ಬಾಗಿಲಿಗೆ ಓಡಿದ.

ಅಲ್ಲಿ ಒಬ್ಬಾಕೆ ಹೊಸ್ತಿಲ ಮುಂದೆ ನಿಂತಳು. ಬಾಗಿ, ಹೊಸ್ತಿಲನ್ನು ಬಲಗೈಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು. ಬಾಗಿದಾಗ ಅವಳ ತಲೆ, ಭುಜ ಬೆಳಕಿನ ಎಳೆಗೆ ಅಡ್ಡ ಬಂದವು. ದೀಪ ಮಿಣುಕಿತು. ಅವಳು ಎದ್ದು ನಿಂತಳು, ಎಳೆ ಮತ್ತೆ ಕೂಡಿತು. ಅನಂತರ ಬಲಗಾಲಿಟ್ಟು ದಾಟಿದಳು. ದೀಪ ಇನ್ನೊಮ್ಮೆ ಮಿಣುಕಿತು. ಹಿಂದಿನ ಗಂಡಸೂ ಬಾಗಿದ. ಎರಡು ಸಲ.

ಅಂಜಿನಯ್ಯನಿಗೆ ಕಾಲಿನಿಂದ ತಲೆಯವರೆಗೆ ಉರಿ ಹತ್ತಿತು. ಈ ಊರಲ್ಲಿ ಹುಟ್ಟಿದವನು ಅವನು. ಆರು ವರ್ಷದ ಹುಡುಗನಾಗಿದ್ದಾಗಿನಿಂದ ಇದೇ ಹೊಸ್ತಿಲನ್ನು ಬಾಗಿ ಮುಟ್ಟಿದವನು. ಪರೀಕ್ಷೆಯ ಮೂರು ಸಂಜೆ ಇನ್ನೂರು ಜನರಲ್ಲಿ ಒಬ್ಬರೂ ಬಾಗಲಿಲ್ಲ. ಯಾಕೆ ಬಾಗುತ್ತಾರೆ? ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಅದು ಪೊರಕೆ, ನೀರಿನ ಡ್ರಮ್ಮು ಇಡುವ ಪಕ್ಕದ ಬಾಗಿಲು. ಈವತ್ತು ಬೆಳಿಗ್ಗೆ ಮಾವಿನ ಸೊಪ್ಪು ಕಟ್ಟಿ ಪೂಜೆ ಮಾಡಿದ ಮೇಲೆ ಅದು ವೈಕುಂಠದ ಬಾಗಿಲು. ಇದನ್ನು ಮಗು ಕೂಡ ಹೇಳುತ್ತಿತ್ತು. ಅವನು ಮಾತ್ರ ಚದರಡಿ ಎಣಿಸುತ್ತ ಕೂತಿದ್ದ.

ಆದರೂ ಅವನು ಎಣಿಸಿದ. ಐವತ್ತು ಜನ ದಾಟುವವರೆಗೆ ಅಂಗೈಯ ಮೇಲೆ ಗೀಟು ಹಾಕಿದ. ಐವತ್ತು ಜನಕ್ಕೆ ಎಂಬತ್ತೇಳು ಮಿಣುಕು. ಪೆಟ್ಟಿಗೆಯಲ್ಲಿ ಹೊರಬಂದವರ ಲೆಕ್ಕ ಒಂದೂವರೆ ಸಾವಿರ. ಅಂದರೆ ನಿಜವಾಗಿ ಬಂದವರು ಎಂಟುನೂರ ಅರವತ್ತೆರಡು. ಆ ಒಂದೂವರೆ ಸಾವಿರಕ್ಕೆ ಬೋರ್ಡಿನ ಮುನ್ನೂರ ಐವತ್ತು ಕೂಡಿದರೆ ಒಳಗೆ ಹೋದವರು ಸಾವಿರದ ಎಂಟುನೂರ ಐವತ್ತು. ಕಳೆದ. ಒಂಬೈನೂರ ಎಂಬತ್ತೆಂಟು. ಆರುನೂರರ ಜಾಗದಲ್ಲಿ ಒಂಬೈನೂರ ಎಂಬತ್ತೆಂಟು ಜನ, ಒಬ್ಬೊಬ್ಬರಿಗೆ ಎರಡು ಚದರಡಿ, ದಿನಪತ್ರಿಕೆಯ ಒಂದು ಪುಟದಷ್ಟು ನೆಲ. ಆ ಪುಟಗಳಲ್ಲೊಂದರ ಮೇಲೆ ಕೋಲೂರಿಕೊಂಡು ಹನುಮಕ್ಕ.

ಅವನು ಗೇಟಿಗೆ ಮರಳಿದಾಗ ದೊಡ್ಡಣ್ಣ ಜರಿ ಪಂಚೆಯಲ್ಲಿ ನಿಂತಿದ್ದರು. ಸಾಲು ಮುಖ್ಯರಸ್ತೆಗೆ ಇಳಿದು, ಎರಡು ಬಸ್ಸು ಸಿಕ್ಕಿಕೊಂಡು, ಪೊಲೀಸರು ಫೋನ್ ಮಾಡಿದ್ದರು.

"ಗೇಟು ಮುಚ್ಚಿಸಿ" ಎಂದ ಅಂಜಿನಯ್ಯ. "ಬೋರ್ಡು ಸುಳ್ಳು ಹೇಳ್ತಾ ಇದೆ. ಹೊಸ್ತಿಲಲ್ಲಿ ಜನ ಬಾಗ್ತಾರೆ, ಒಬ್ಬರು ಇಬ್ಬರ ಲೆಕ್ಕ ಆಗ್ತಾ ಇದಾರೆ. ಒಳಗೆ ಸಾವಿರ ಜನ ಅವ್ರೆ."

ದೊಡ್ಡಣ್ಣ ಬೋರ್ಡು ನೋಡಿದರು. "ಮುನ್ನೂರ ಮೂವತ್ತೆಂಟು ಅಂತೈತಲ್ಲಯ್ಯ."

"ಅದು ತಪ್ಪು ಅಂತಿದೀನಿ!"

"ನೀನೇ ತಾನೆ ಬರೆಸಿದ್ದು? ಅಧ್ಯಕ್ಷರ ಬಾಯಿಮಾತೂ ನಡೆಯಲ್ಲ ಅಂತ. ಸಹಿ ಹಾಕಿಸ್ಕೊಂಡೆ, ನಾಕು ಜನರ ಮುಂದೆ. ಈಗ ನಿನ್ನ ಬಾಯಿಮಾತು ನಡೀಬೇಕಾ? ಹೊರಗೆ ಎರಡು ಸಾವಿರ ಜನ ಹಸಿರು ದೀಪ ನೋಡ್ಕೊಂಡು ನಿಂತವ್ರೆ. ಹಸಿರಿದ್ರೂ ಮುಚ್ಚಿದ್ರೆ ಗೇಟೇ ಕಿತ್ಕೊಂಡು ಬರ್ತಾರೆ. ಬಿಡೋ ವೀರೇಶ, ಬೇಗ ಬೇಗ ಬಿಡು."

ಅಂಜಿನಯ್ಯ ವೀರೇಶನ ಕಡೆ ತಿರುಗಿದ. "ವೀರೇಶ, ನೀನಾದ್ರೂ ಕೇಳಪ್ಪ."

"ನಾ ಏನ್ ಮಾಡ್ಲಿ ಸರ್ರ? ದೀಪ ನೋಡು, ಮಂದಿ ಮಾತು ಕೇಳಬ್ಯಾಡ ಅಂತ ನಿನ್ನೆ ಮೂರು ಸಲ ಹೇಳೀರಿ ನೀವ."

ಅವನಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ದೊಡ್ಡಣ್ಣ ಹೇಳಿದ್ದು ಸರಿ. ವೀರೇಶ ಹೇಳಿದ್ದೂ ಸರಿ. ತಪ್ಪು ಬರೆದದ್ದು ಬೋರ್ಡಿನ ಮೇಲೆ, ಬರೆದ ಯಂತ್ರ ತನ್ನದು. ವೈರು ಕಿತ್ತರೆ ಬೋರ್ಡು ಆರಿಹೋಗುತ್ತದೆ, ಯಂತ್ರ ಕೆಟ್ಟಿತೆಂದು ಹಳೆಯ ಪದ್ಧತಿಗೆ ಇಳಿಯುತ್ತಾರೆ, ಅದಕ್ಕೇ ಕಾದವರು ನೂರು ಜನ ಇದ್ದಾರೆ. ಬೋರ್ಡು ಆರಬಾರದು. ಅದು ಕೆಂಪಾಗಬೇಕು.

ಗೇಟಿನೊಳಗೆ ನಾಲ್ಕು ಹೆಜ್ಜೆ ದೂರದಲ್ಲಿ, ಪೈಪಿನ ಬ್ಯಾರಿಕೇಡಿಗೆ ಕಟ್ಟಿದ್ದ ಸೆನ್ಸರ್ ಪೆಟ್ಟಿಗೆ ಇತ್ತು. ಅವನು ಪೈಪಿಗೆ ಬೆನ್ನು ಕೊಟ್ಟು ನಿಂತು, ಬಲಗೈಯನ್ನು ಹಿಂದಕ್ಕೆ ಚಾಚಿ, ಅಂಗೈಯನ್ನು ಎಳೆಗೆ ಅಡ್ಡ ಹಿಡಿದ. ತೆಗೆದ. ಹಿಡಿದ. ತೆಗೆದ.

ಬಹಳ ಬೇಗ ಆಡಿಸಿದರೆ ಆಗುವುದಿಲ್ಲ. ಯಾರದೋ ಕೈಯಾಡಿ ಸುಳ್ಳು ಲೆಕ್ಕ ಬರಬಾರದೆಂದು ಅರ್ಧ ಸೆಕೆಂಡಿನ ತಡೆಯನ್ನು ಅವನೇ ಇಟ್ಟಿದ್ದ. ಅದರ ಮೇಲೂ ಈಗ ಸಿಟ್ಟು ಬಂತು. ನಿಮಿಷಕ್ಕೆ ನೂರು ಸಲ, ಅಷ್ಟೇ ಸಾಧ್ಯ. ಆ ಕಡೆ ಬಾಗಿಲು ನಿಮಿಷಕ್ಕೆ ನಲವತ್ತಮೂರು ಕಳೆಯುತ್ತಿದೆ. ಅದನ್ನು ಮೀರಿಸಿ ಏರಿಸಬೇಕು. ನಾನೂರ ಇಪ್ಪತ್ತು. ಐನೂರು. ಒಳಗೆ ಯಾರೋ ಹೆಂಗಸು ಕಿರುಚಿದಳು. ಅವನು ಆ ಕಡೆ ನೋಡಲಿಲ್ಲ, ನೋಡಿದರೆ ಕೈ ತಪ್ಪುತ್ತಿತ್ತು. ಐನೂರ ಎಂಬತ್ತು. ಮೂರು ನಿಮಿಷ ಹಿಡಿಯಿತು. ಬೋರ್ಡಿನಲ್ಲಿ ಆರು, ಸೊನ್ನೆ, ಸೊನ್ನೆ ಬಿದ್ದು, ಕೆಂಪು ದೀಪ ಹತ್ತಿತು.

ವೀರೇಶ ಆ ಕ್ಷಣವೇ ಗೇಟು ಎಳೆದು ಅಗುಳಿ ಹಾಕಿದ.

ಇನ್ನು ಒಳಗಿನವರು ಇಳಿಯಬೇಕು. ಹೆಚ್ಚಾಗಿರುವವರು ನಾನೂರು, ಬಾಗಿಲು ನಿಜವಾಗಿ ಬಿಡುವುದು ನಿಮಿಷಕ್ಕೆ ಇಪ್ಪತ್ತೈದು. ಹದಿನಾರು ನಿಮಿಷ. ಆ ಹದಿನಾರು ನಿಮಿಷವೂ ಕೆಂಪು ಆರಬಾರದೆಂದರೆ ಅವನು ಕೈ ನಿಲ್ಲಿಸುವಂತಿಲ್ಲ.

ಐದನೆಯ ನಿಮಿಷದಲ್ಲಿ ದೊಡ್ಡಣ್ಣ ಬಂದು ಅವನ ಹಿಂದಿನ ಕೈ ನೋಡಿದರು. ಅವರ ಮುಖ ಕಪ್ಪಾಯಿತು.

"ಲೇ ಅಂಜಿನಯ್ಯ! ಏನ್ ಮಾಡ್ತಾ ಇದೀಯಾ? ಮೋಸ ಇದು!"

"ಹೌದು."

"ಕಳ್ಳಲೆಕ್ಕ!"

"ಹೌದು, ಕಳ್ಳಲೆಕ್ಕ. ಐನೂರು ಸಲ ಸುಳ್ಳು ಹೇಳಿದೀನಿ, ಇನ್ನೂ ಐನೂರು ಸಲ ಹೇಳ್ತೀನಿ. ಮುಟ್ಟಿ ನೋಡಿ ನನ್ನ ಕೈನ."

ದೊಡ್ಡಣ್ಣ ಮುಟ್ಟಲಿಲ್ಲ. ಆ ಮನುಷ್ಯನ ಕಣ್ಣು ಹಾಗಿತ್ತು. ಅವರು ಗೇಟಿಗೆ ಹೋಗಿ ಅಗುಳಿಗೆ ಕೈ ಹಾಕಿದರು. ವೀರೇಶ ಅಡ್ಡ ನಿಂತ.

"ಕೆಂಪು ಹತ್ತೇದ್ರಿ ಸಾಹೇಬ್ರ. ಅಧ್ಯಕ್ಷರಿಗೂ ತೆಗೀಬ್ಯಾಡ ಅಂತ ನಿಮ್ಮ ಸಹಿನ ಐತಲ್ರಿ."

"ನಾನೇ ಹೇಳ್ತಿದೀನಿ ಕಣೋ, ತೆಗಿ!"

ಸಾಲಿನ ಮುಂದಿದ್ದ ದಪ್ಪ ಕನ್ನಡಕದ ಮೇಷ್ಟರೊಬ್ಬರು ಕೂಗಿದರು: "ಕೆಂಪಿದೆಯಲ್ಲ ಸಾರ್, ಕಾಣಲ್ವಾ? ಎಲ್ಲರಿಗೂ ಒಂದೇ ರೂಲ್ಸು!" ಹಿಂದಿನವರು "ಹೂಂ ಮತ್ತೆ" ಎಂದರು. ಯಾರೋ ಸಿಳ್ಳೆ ಹೊಡೆದರು. ದೊಡ್ಡಣ್ಣ ಅಗುಳಿ ಬಿಟ್ಟು, ಜರಿ ಪಂಚೆ ಎತ್ತಿಕೊಂಡು ಕಚೇರಿಗೆ ಹೋದರು.

ಎಂಟನೆಯ ನಿಮಿಷಕ್ಕೆ ಬಲ ಭುಜ ಸೋತಿತು, ಅವನು ಎಡಗೈಗೆ ಬದಲಿಸಿದ. ಹನ್ನೊಂದನೆಯದಕ್ಕೆ ಒಳಗಿನ ಕೂಗು ತಗ್ಗಿತು. ಹದಿಮೂರಕ್ಕೆ ಮತ್ತೆ ಗೋವಿಂದನಾಮ ಕೇಳಿತು, ಮೊದಲು ಒಂದು ಮೂಲೆಯಿಂದ, ಆಮೇಲೆ ಎಲ್ಲ ಕಡೆಯಿಂದ. ಹದಿನಾರಾದ ಮೇಲೆ, ಇನ್ನೂ ಸ್ವಲ್ಪ ಹೊತ್ತು ಕೆಂಪು ಉಳಿಯುವಷ್ಟು ಅಂಕಿ ಏರಿಸಿಟ್ಟು, ಅವನು ಕೈ ಇಳಿಸಿದ. ಉತ್ತರದ ಬಾಗಿಲಿಗೆ ಹೋಗಿ ಸೆನ್ಸರನ್ನು ಹೊಸ್ತಿಲಿನಿಂದ ಬಿಚ್ಚಿ, ಎಂಟು ಅಡಿ ಆಚೆ, ಯಾರೂ ಬಾಗದ ಕಡೆ ಬೊಂಬಿಗೆ ಕಟ್ಟಿದ. ಒಳಗೆ ಉಳಿದಿದ್ದ ಆರುನೂರನ್ನು ಬೋರ್ಡಿಗೆ ಕೊಟ್ಟು ಲೆಕ್ಕವನ್ನು ಅಲ್ಲಿಂದ ಹೊಸದಾಗಿ ಶುರು ಮಾಡಿದ. ಮಧ್ಯಾಹ್ನದವರೆಗೆ ಅದು ಸರಿಯಾಗಿಯೇ ನಡೆಯಿತು. ಅಂದು ನಾಲ್ವರಿಗೆ ಬವಳಿ ಬಂದಿತ್ತು. ಬಿದ್ದವರು ಯಾರೂ ಇರಲಿಲ್ಲ.

ಹನುಮಕ್ಕ ಹೊರಗೆ ಚಪ್ಪರದ ಕೆಳಗೆ ಕೂತು ಲಾಡು ತಿನ್ನುತ್ತಿದ್ದಳು. ಎರಡನೆಯ ತಿರುವಿನಲ್ಲಿ ಕೋಲನ್ನು ಅಡ್ಡ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಗಂಟೆ ನಿಂತಿದ್ದಳಂತೆ. ಮೊಳಕೈ ತರಚಿಹೋಗಿತ್ತು.

"ಹೊಸ್ತಿಲು ಮುಟ್ಟಿದೆಯಾ?" ಎಂದು ಅವನು ಕೇಳಿದ.

"ಎಲ್ಲಿ ಬಾಗ್ಲಿ, ಸೊಂಟದಾಗೆ ಕಬ್ಬಿಣ ಇಟ್ಕೊಂಡು? ಕೈ ಮುಗಿದು ದಾಟಿದೆ. ಯಾಕೋ, ಹಂಗೆ ನೋಡ್ತೀಯಾ?"

ಅವನು ಅವಳ ಕೋಲನ್ನು ಎತ್ತಿ ಚಪ್ಪರದ ಕಂಬಕ್ಕೆ ಒರಗಿಸಿದ. ಆ ಗಂಟೆಯಲ್ಲಿ ಯಂತ್ರ ಸರಿಯಾಗಿ ಎಣಿಸಿದವರಲ್ಲಿ ಅಕ್ಕ ಒಬ್ಬಳು, ಅದೂ ಸೊಂಟ ಮುರಿದದ್ದರಿಂದ. ಅದನ್ನು ಹೇಗೆ ಹೇಳುವುದು?

ಕಥೆ ಅಲ್ಲಿಗೆ ಮುಗಿದಿದ್ದರೆ ಅವನ ಕೋಪವೂ ಇಳಿಯುತ್ತಿತ್ತೇನೋ. ಎರಡು ದಿನ ಬಿಟ್ಟು ಒಂದು ಸಣ್ಣ ಪತ್ರಿಕೆಯಲ್ಲಿ ಸುದ್ದಿ ಬಂತು: ಆಧುನಿಕ ಯಂತ್ರದ ನೆರವಿನಿಂದ ಸುಸೂತ್ರ ದರ್ಶನ, ಸಮಿತಿ ಅಧ್ಯಕ್ಷರ ದೂರದೃಷ್ಟಿ. ಸಂಜೆ ಸಭೆಯಲ್ಲಿ ದೊಡ್ಡಣ್ಣ ಶಾಲು ಹಿಡಿದು ಕಾಯುತ್ತಿದ್ದರು. ಬೈಗುಳ ನಿರೀಕ್ಷಿಸಿ ಬಂದಿದ್ದ ಅಂಜಿನಯ್ಯ ಬಾಗಿಲಲ್ಲೇ ನಿಂತ.

"ಬಾರಯ್ಯ, ಬಾ. ಆಗಿದ್ದು ಆಗೋಯ್ತು. ಒಳ್ಳೆ ಹೆಸರು ಬಂದದೆ. ಕೆಂಗೇರಿ ಗುಡಿಯೋರು ಕೇಳ್ತಾವ್ರೆ ನಿನ್ನ ಮಿಷನ್ನ, ಬಸವೇಶ್ವರನಗರದೋರೂ ಫೋನ್ ಮಾಡಿದ್ರು. ಎರಡೂ ಪೆಟ್ಟಿಗೆ ನಾಳೆನೇ ಕಳಿಸಬೇಕಂತೆ, ಮಾದರಿಗೆ."

"ಪುಸ್ತಕ ತೆಗೀರಿ, ದೊಡ್ಡಣ್ಣನೋರೆ."

"ಯಾವ ಪುಸ್ತಕ?"

"ಸಮಿತಿ ಪುಸ್ತಕ. ಬರೀರಿ. ಏಳರಿಂದ ಎಂಟು ದಾಟೋ ತನಕ ಯಂತ್ರ ತಪ್ಪು ತೋರಿಸ್ತು. ಮುನ್ನೂರ ಐವತ್ತು ಅಂದಾಗ ಒಳಗೆ ಒಂಬೈನೂರ ಎಂಬತ್ತೆಂಟು ಜನ ಇದ್ರು. ಕಾರಣ, ಸೆನ್ಸರ್ ಹೊಸ್ತಿಲಲ್ಲಿ ಇಟ್ಟಿದ್ದು. ಇಟ್ಟವನು ನಾನು."

ಸಭೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಣ್ಣ ಮೆಲ್ಲಗೆ ಹೇಳಿದರು: "ಯಾರೂ ಬೀಳಲಿಲ್ಲ, ಯಾರೂ ಸಾಯಲಿಲ್ಲ. ಬರೆದ್ರೆ ನಾಳೆ ಯಾರಾದ್ರೂ ಕೇಸು ಹಾಕ್ತಾರೆ. ನಿನ್ನ ಹೆಸರೂ ಕೆಡ್ತದೆ, ಗುಡಿ ಹೆಸರೂ ಕೆಡ್ತದೆ. ಬರೆಯೋದಿಲ್ಲ ಕಣಯ್ಯ."

"ಕೆಂಗೇರಿಯೋರು ಎಲ್ಲಿ ಕಟ್ತಾರೆ ಅಂದ್ಕೊಂಡ್ರಿ? ಸರಿಯಾಗಿ ಹೊಸ್ತಿಲಲ್ಲೇ ಕಟ್ತಾರೆ. ಬಾಗಿಲು ಅಂದ ಮೇಲೆ ಬೇರೆ ಎಲ್ಲಿ ಕಟ್ತಾರೆ? ಅಲ್ಲಿ ಕೈ ಆಡಿಸೋಕೆ ಯಾರಿರ್ತಾರೆ?"

"ಫೋನಲ್ಲಿ ಹೇಳಿದ್ರಾಯ್ತು ಬಿಡು."

ಮತ್ತೆ ಬಾಯಿಮಾತು. ಅಂಜಿನಯ್ಯ ಶಾಲಿನ ಕಡೆ ನೋಡಲೂ ಇಲ್ಲ. ಉಗ್ರಾಣಕ್ಕೆ ಹೋಗಿ ಎರಡು ಪೆಟ್ಟಿಗೆಗಳನ್ನೂ ತಂದು ಜಗಲಿಯ ಮೇಲಿಟ್ಟ. ಚೀಲದಿಂದ ಬೆಸುಗೆ ಕಡ್ಡಿ ತೆಗೆದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಕಾಯುವವರೆಗೆ ಕಾದ. ಚೀಟಿ ಅಂಟಿಸಿದರೆ ಕಿತ್ತುಹಾಕುತ್ತಾರೆ, ಬಣ್ಣದಲ್ಲಿ ಬರೆದರೆ ಒರಸುತ್ತಾರೆ. ಅವನು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕಾದ ತುದಿಯಿಂದ ಅಕ್ಷರ ಸುಟ್ಟ.

ಹೊಸ್ತಿಲಲ್ಲಿ ಕಟ್ಟಬೇಡಿ. ಅಲ್ಲಿ ಜನ ಬಾಗಿ ಮುಟ್ಟುತ್ತಾರೆ, ಒಬ್ಬರು ಇಬ್ಬರಾಗುತ್ತಾರೆ. ಎಂಟು ಅಡಿ ಆಚೆ ಕಟ್ಟಿ. ೨೦೦೭ರ ಏಕಾದಶಿಯಂದು ಇದು ತಪ್ಪು ತೋರಿಸಿದೆ: ಬೋರ್ಡಿನಲ್ಲಿ ೩೫೦, ಒಳಗೆ ೯೮೮.

ಸುಟ್ಟ ವಾಸನೆಗೆ ದೊಡ್ಡಣ್ಣ ಹೊರಗೆ ಬಂದರು. ಬಗ್ಗಿ ಓದಿದರು, ನಿಧಾನವಾಗಿ, ಕೊನೆಯವರೆಗೆ.

"ಹೆಸರು ಹಾಕಬೇಡ ಕಣಯ್ಯ, ಅಷ್ಟಾದ್ರೂ ಕೇಳು" ಎಂದರು.

ಅಂಜಿನಯ್ಯ ಕೆಳಗೆ ತನ್ನ ಹೆಸರನ್ನೂ ಅಂಗಡಿಯ ಫೋನ್ ನಂಬರನ್ನೂ ಸುಟ್ಟ. ಆಮೇಲೆ ಎರಡನೆಯ ಪೆಟ್ಟಿಗೆಯನ್ನು ತೊಡೆಯ ಮೇಲೆಳೆದುಕೊಂಡು ಮೊದಲ ಅಕ್ಷರ ಶುರು ಮಾಡಿದ.